ಇಟಲಿಯ ನೋವಿಗೆ ಹೊಸಪೇಟೆಯ ಇಂಗ್ಲಿಷ್

ಹೊಸಪೇಟೆಯಲ್ಲಿ ಇಟಾಲಿಯನ್ ಬಲ್ಲವನು ನಾನೊಬ್ಬನೇ ಎಂಬ ಮಾತು ಊರಿನಲ್ಲಿದೆ. ಅದನ್ನು ಹಬ್ಬಿಸಿದವನು ನಾನೇ ಆದ್ದರಿಂದ ಅದರ ಸತ್ಯಾಸತ್ಯದ ಹೊಣೆಯೂ ನನ್ನದೇ. ಹಂಪಿಯಲ್ಲಿ ಇಟಾಲಿಯನ್ ಮಾತಾಡುತ್ತೇವೆಂದು ಹೇಳಿಕೊಳ್ಳುವ ಗೈಡುಗಳು ನಾಲ್ಕೈದು ಮಂದಿ ಇದ್ದಾರೆ. ಅವರಿಗೆ ಬರುವುದು ಎರಡು ಮಾತು: ಒಂದು 'ಚೆನ್ನಾಗಿದೆ', ಇನ್ನೊಂದು 'ತುಂಬಾ ಚೆನ್ನಾಗಿದೆ'. ಆ ಎರಡರಲ್ಲೇ ಒಂದು ಸಾಮ್ರಾಜ್ಯದ ಹುಟ್ಟು, ಏಳಿಗೆ, ಪತನ ಮೂರನ್ನೂ ಮುಗಿಸಿ ಮಧ್ಯಾಹ್ನದ ಊಟಕ್ಕೆ ಮನೆ ಸೇರುತ್ತಾರೆ. ನನ್ನ ಇಟಾಲಿಯನ್ ಅಂಥದ್ದಲ್ಲ. ಅದರಲ್ಲಿ ಚೆನ್ನಾಗಿರುವುದನ್ನು ಹೇಳುವ ಶಬ್ದಗಳೇ ಕಡಿಮೆ. ಅದು ಅಡಿಪಾಯದಿಂದ ಮಾಳಿಗೆಯವರೆಗೆ ಹೊಟ್ಟೆನೋವು, ತಲೆನೋವು, ಸೊಂಟನೋವುಗಳಿಂದ ಕಟ್ಟಿದ ಇಟಾಲಿಯನ್.

ಕಾರಣವಿದೆ. ಸಂಡೂರಿನ ಕಡೆಯ ಒಂದು ಕಾರ್ಖಾನೆಯ ಉಗ್ರಾಣದಲ್ಲಿ ನಾನು ಟೈಪಿಸ್ಟನಾಗಿದ್ದಾಗ ಇಟಲಿಯಿಂದ ಒಂದು ಯಂತ್ರ ಬಂತು. ಅದನ್ನು ಜೋಡಿಸಲು ಹನ್ನೊಂದು ಜನ ಫಿಟ್ಟರುಗಳು ಹಿಂದೆಯೇ ಬಂದರು. ಆರು ತಿಂಗಳಲ್ಲಿ ಎದ್ದು ನಿಲ್ಲಬೇಕಾಗಿದ್ದ ಯಂತ್ರ ಎರಡು ವರ್ಷ ಮಲಗಿತ್ತು. ಪೆಟ್ಟಿಗೆಗಳ ಮೇಲಿನ ಚೀಟಿ ಓದಲು ನಾನೊಂದು ನಿಘಂಟು ತರಿಸಿಕೊಂಡಿದ್ದೆ. ಕಾರ್ಖಾನೆಗೆ ಅಷ್ಟೇ ಸಾಕಾಯಿತು. ನಿಘಂಟು ಇರುವವನೇ ದುಭಾಷಿ ಎಂದು ಆಜ್ಞೆಯಾಯಿತು. ಯಂತ್ರದ ಬಗ್ಗೆ ಮಾತಾಡಲು ಎಂಜಿನಿಯರುಗಳಿದ್ದರು, ಅವರಿಗೆ ನಾನು ಬೇಕಿರಲಿಲ್ಲ. ಫಿಟ್ಟರುಗಳ ಹೊಟ್ಟೆಯ ಬಗ್ಗೆ ಮಾತಾಡಲು ಯಾರೂ ಇರಲಿಲ್ಲ. ಕ್ಯಾಂಟೀನಿನ ಮೆಣಸಿನಕಾಯಿ ಚಟ್ನಿ ಮೊದಲ ವಾರದಲ್ಲೇ ಒಬ್ಬೊಬ್ಬರನ್ನಾಗಿ ಕೆಡವತೊಡಗಿದಾಗ, ಅವರನ್ನು ಡಿಸ್ಪೆನ್ಸರಿಗೆ ಕರೆದೊಯ್ದು ಅವರ ನೋವನ್ನು ಇಂಗ್ಲಿಷಿನಲ್ಲಿ ವೈದ್ಯರಿಗೆ ನಿವೇದಿಸುವ ಪವಿತ್ರ ಕಾರ್ಯ ನನ್ನ ಪಾಲಿಗೆ ಬಂತು.

ಇಟಲಿಯವರು ನೋವಿನ ವಿಷಯದಲ್ಲಿ ಉದಾರಿಗಳು. ನಮ್ಮವರ ಹಾಗೆ 'ನೋಯ್ತೈತ್ರಿ' ಎಂದು ಒಂದೇ ಮಾತಿನಲ್ಲಿ ಮುಗಿಸುವವರಲ್ಲ. ಚುಚ್ಚಿ ಓಡಿಹೋಗುವ ನೋವು ಅವರಿಗೆ 'ಫಿತ್ತ'. ಕಬ್ಬಿಣ ಕಚ್ಚಿ ಹಿಡಿಯುವ ವೈಸಿನಲ್ಲಿ ಹಾಕಿ ಬಿಗಿದಂತಾದರೆ 'ಮೊರ್ಸ'. ಫಿಟ್ಟರುಗಳಾದ್ದರಿಂದ ಈ ಶಬ್ದದ ಮೇಲೆ ಅವರಿಗೆ ವಿಶೇಷ ಮಮತೆ. ಉರಿಗೆ 'ಬ್ರುಚೋರೆ'. ಕಾಲು ಜುಮ್ಮೆಂದರೆ ಇರುವೆಯ ಹೆಸರು ಹಿಡಿದು 'ಫೊರ್ಮಿಕೊಲಿಯೊ' ಎನ್ನುತ್ತಾರೆ. ಇಂಗ್ಲಿಷರಿಗೆ ಇರುವೆ ಸಾಲದು, ಅದೇ ಜಾಗಕ್ಕೆ ಸೂಜಿ, ಗುಂಡುಸೂಜಿ ಎರಡನ್ನೂ ತಂದಿಟ್ಟಿದ್ದಾರೆ. ಇನ್ನು ಒಳಗೊಳಗೇ ಇದ್ದು, ಜೋರಾಗಿಯೂ ಆಗದೆ ಹೋಗಿಯೂ ಬಿಡದೆ ಕಾಡುವ ನೋವಿಗೆ ಇಟಲಿಯವರು 'ಕಿವುಡು ನೋವು' ಎನ್ನುತ್ತಾರೆ. ಏನು ಹೇಳಿದರೂ ಕೇಳಿಸಿಕೊಳ್ಳದ ನೋವು. ಇಂಥ ಸೊಗಸಾದ ಮಾತನ್ನು ಇಂಗ್ಲಿಷಿಗೆ ತಂದರೆ 'ಡಲ್ ಏಕ್' ಆಗುತ್ತದೆ, ಅಂದರೆ ಮೊಂಡು ಕತ್ತಿಯ ಗತಿ. ಕಿವುಡನನ್ನು ಮೊಂಡನನ್ನಾಗಿ ಮಾಡುವಾಗಲೆಲ್ಲ ನನ್ನ ಮನಸ್ಸಿಗೆ ಬೇಸರವಾಗುತ್ತಿತ್ತು.

ಬೇಸರ ವ್ಯರ್ಥ. ಡಿಸ್ಪೆನ್ಸರಿಯ ವೈದ್ಯರು ಕಣ್ಣು ಮುಚ್ಚಿಕೊಂಡು ಎಲ್ಲವನ್ನೂ ಕೇಳಿ, ಕಣ್ಣು ಬಿಡದೆಯೇ "ಗ್ಯಾಸು" ಎನ್ನುತ್ತಿದ್ದರು. ಚುಚ್ಚಿದರೂ ಗ್ಯಾಸು, ಬಿಗಿದರೂ ಗ್ಯಾಸು, ಇರುವೆ ಹರಿದರೂ ಗ್ಯಾಸು. ಹನ್ನೊಂದು ಬಗೆಯ ನೋವನ್ನು ಅತಿ ಸೂಕ್ಷ್ಮವಾಗಿ ಇಂಗ್ಲಿಷಿಗೆ ತಂದು ಒಂದೇ ಗುಳಿಗೆಯ ಕೆಳಗೆ ಹೂಳುವ ಕೆಲಸವನ್ನು ಎರಡು ವರ್ಷ ಮಾಡಿದೆ. ಆಮೇಲೆ ಯಂತ್ರ ಎದ್ದಿತು, ಫಿಟ್ಟರುಗಳು ಹೋದರು, ಭಾಷೆ ನನ್ನ ಬಳಿ ಉಳಿಯಿತು.

ನಿವೃತ್ತಿಯ ನಂತರ ಅದಕ್ಕೆ ಆಗಾಗ ಕೆಲಸ ಸಿಗುತ್ತಿತ್ತು. ಕಡ್ಡಿರಾಂಪುರದ ಹೋಮ್‌ಸ್ಟೇ ಒಂದರಲ್ಲಿ ಇಳಿದಿದ್ದ ಇಟಲಿಯ ಹೆಂಗಸೊಬ್ಬಳಿಗೆ ಸ್ಕೂಟರಿನ ಮೇಲೆ ಹಂಪಿ ಸುತ್ತಿ ಕುತ್ತಿಗೆ ಹಿಡಿದುಕೊಂಡಾಗ ನನ್ನನ್ನು ಕರೆಸಿದರು. ತನಗೆ ಗಾಳಿ ಹೊಡೆದಿದೆ ಎಂದಳು. ಇಟಲಿಯಲ್ಲಿ ಅದು ಎಲ್ಲರೂ ನಂಬುವ ಕಾಯಿಲೆ. ಹೋಮ್‌ಸ್ಟೇ ನಡೆಸುವಾಕೆಗೆ ನಾನು ಅದನ್ನು ಕನ್ನಡದಲ್ಲಿ ಹೇಳಿದ್ದೇ ತಡ, "ಹೌದ್ರಿ, ಗಾಳಿ ಹಿಡದೈತಿ, ಮಾರಿ ನೋಡಿದ್ರ ಗೊತ್ತಾಗ್ತೈತಿ" ಎಂದು ಎಣ್ಣೆ ಕಾಯಿಸಲು ಎದ್ದಳು. ಡಾಕ್ಟರಿಗೆ ಕೊಡುವ ಚೀಟಿಯನ್ನು ಇಂಗ್ಲಿಷಿನಲ್ಲಿ ಬರೆಯಲು ನನಗೆ ಅರ್ಧ ಗಂಟೆ ಹಿಡಿಯಿತು. ಚೀಟಿ ಮುಗಿಯುವಷ್ಟರಲ್ಲಿ ಕುತ್ತಿಗೆ ತಿರುಗುತ್ತಿತ್ತು. ತರ್ಜುಮೆಯ ನಿಜವಾದ ಯೋಗ್ಯತೆ ಏನೆಂದು ನಾನು ಅಲ್ಲೇ ಕಲಿಯಬೇಕಿತ್ತು. ಕಲಿಯಲಿಲ್ಲ.

ಹೋದ ವರ್ಷ ಒಂದು ಬೆಳಿಗ್ಗೆ ಸಂಡೂರಿನಿಂದ ಒಬ್ಬರು ಮನೆಗೆ ಬಂದರು. ಗಣಿಯೊಂದರ ಹಾಜರಿ ನೋಡುವ ಟೈಮ್ ಆಫೀಸಿನಲ್ಲಿ ಗುಮಾಸ್ತರು. ಅಂಗಿಯ ಜೇಬಿನಲ್ಲಿ ಮೂರು ಬಣ್ಣದ ಪೆನ್ನು, ಕಂಕುಳಲ್ಲಿ ಪ್ಲಾಸ್ಟಿಕ್ ಹೊದಿಸಿದ ಒಂದು ಫೈಲು. ಫೈಲನ್ನು ಟೀಪಾಯಿಯ ಮೇಲಿಡುವ ಮೊದಲು ಟೀಪಾಯಿಯನ್ನು ಕರವಸ್ತ್ರದಿಂದ ಒರೆಸಿದರು. ಅದು ನಮ್ಮ ಮನೆಯ ಟೀಪಾಯಿ. ನನ್ನ ಹೆಂಡತಿ ಅದನ್ನು ಬಾಗಿಲಿಂದಲೇ ನೋಡಿ ಒಳಗೆ ಹೋದಳು.

"ನೀವು ಇಟಲಿ ಓದ್ತೀರಂತ ಕೇಳೀವಿ."

"ಓದ್ತೀನಿ."

"ನಮ್ಮ ತಂಗಿ ಗಂಡಂದು ಕೇಸ್ ಇದು. ಇಟಲಿ ಒಳಗ ಕಲ್ಲು ಪಾಲಿಶ್ ಮಾಡೋ ಶೆಡ್‌ನಾಗಿದ್ದ, ಆರು ವರ್ಷ. ಅಲ್ಲೇ ಬೆನ್ನು ಹೋತು. ಇಲ್ಲಿ ಡಾಕ್ಟ್ರು ಆಪರೇಶನ್ ಮಾಡಾಕ ರೆಡಿ ಅದಾರ, ಆದ್ರ ಹಿಂದಿನ ಹಿಸ್ಟರಿ ಇಂಗ್ಲಿಷ್‌ನಾಗ ಬೇಕಂತಾರ. ಮೊಬೈಲಿಗೆ ಹಾಕಿ ನೋಡಿದ್ವಿ, ಅದು ಬೆನ್ನಿನಾಗ ಇರುವಿ ಅದಾವ ಅಂತು."

"ಮೊಬೈಲಿಗೆ ಅಷ್ಟೇ ತಿಳೀತೈತಿ ಬಿಡ್ರಿ," ಎಂದೆ, ಮೊಬೈಲಿನ ಮೇಲೆ ನನಗಿರುವ ತಿರಸ್ಕಾರವನ್ನು ಆದಷ್ಟು ಅಡಗಿಸಿಕೊಂಡು. "ಪೇಶಂಟ್ ಎಲ್ಲಿ?"

"ಹೊರಗ ಕಟ್ಟಿ ಮ್ಯಾಲ ಕುಂತಾನ್ರಿ. ಅವ ಯಾಕ, ಫೈಲ್ ಐತಲ್ಲ."

ಇದನ್ನು ಹೊರಗಿನವರಿಗೆ ವಿವರಿಸಬೇಕು. ನಮ್ಮ ಕಡೆ ಆಸ್ಪತ್ರೆಗೆ ಹೋದ ರೋಗಿ ಬಾಯಿ ಬಿಡುವುದಿಲ್ಲ. ಅದು ಮರ್ಯಾದೆಯಲ್ಲ. ನೋವು ಅವನದು, ಮಾತು ಕರೆತಂದವರದು. ರೋಗಿ ನೆಲ ನೋಡುತ್ತ ಕೂರಬೇಕು. ಅಣ್ಣ, ಮಾವ, ಭಾವ ಯಾರಾದರೂ ಹಿರಿಯರು ಅವನ ಹೊಟ್ಟೆಯೊಳಗೆ ಏನಾಗುತ್ತಿದೆ ಎಂದು ವೈದ್ಯರಿಗೆ ವರದಿ ಒಪ್ಪಿಸಬೇಕು. ದೊಡ್ಡ ಮನೆತನವಾದರೆ ನಾಲ್ಕು ಜನ ಒಟ್ಟಿಗೇ ಮಾತಾಡುತ್ತಾರೆ, ಆಗ ರೋಗಿಗೆ ಕೂರಲು ಕುರ್ಚಿಯೂ ಸಿಗುವುದಿಲ್ಲ. ಜೊತೆಗೆ ಕಾಗದವೊಂದು ಇದ್ದುಬಿಟ್ಟರೆ ರೋಗಿ ಬರುವ ಅಗತ್ಯವೇ ಇಲ್ಲ ಎಂಬುದು ಬಹುಮತ. ಇಲ್ಲಿದ್ದದ್ದು ಸಾಮಾನ್ಯ ಕಾಗದವೇ? ನುಣುಪಾದ, ದಪ್ಪನೆಯ, ಇಟಲಿಯ ಆಸ್ಪತ್ರೆಯ ಮೊಹರು ಬಿದ್ದ ಕಾಗದ. ಅದರ ಮುಂದೆ ಚೋರನೂರಿನ ಒಬ್ಬ ಕಲ್ಲುಕೆಲಸದವನ ಬಾಯಿಗೇನು ಬೆಲೆ.

ಈ ಪದ್ಧತಿಯನ್ನು ಹೀಗೆ ಮೂದಲಿಸುತ್ತಿರುವ ನಾನು ಅಂದು ಮಾಡಿದ್ದೇನೆಂದರೆ, ಕಿಟಕಿಯಿಂದ ಒಮ್ಮೆ ಹೊರಗೆ ನೋಡಿದೆ. ನಲವತ್ತು ದಾಟಿದ ಗಟ್ಟಿಯಾಳು ಕಟ್ಟೆಯ ಮೇಲೆ ನೆಟ್ಟಗೆ ಕೂತಿದ್ದ. ಒಳಗೆ ತಿರುಗಿ ಫೈಲು ಬಿಚ್ಚಿದೆ.

ನಾಲ್ಕು ದಿನ ಅದರಲ್ಲಿ ಮುಳುಗಿದ್ದೆ. ಮೂರು ಬಾರಿ ವೈದ್ಯರನ್ನು ಕಂಡ ವಿವರ, ಒಂದು ಸ್ಕ್ಯಾನಿನ ವರದಿ. ಮೂರು ಬಾರಿಯೂ ನೋವಿನ ವರ್ಣನೆ ಒಂದೇ, ಆದರೆ ಪ್ರತಿ ಬಾರಿಯೂ ಹೊಸ ವೈದ್ಯರು ಅದಕ್ಕೆ ಒಂದೊಂದು ಕುಸುರಿ ಸೇರಿಸಿದ್ದರು. ಸೊಂಟದ ಕೆಳಭಾಗದಲ್ಲಿ ಹುಟ್ಟುವ ಫಿತ್ತ. ಎಡತೊಡೆಯ ಹಿಂಭಾಗದಿಂದ ಮೀನಖಂಡದವರೆಗೆ ಇಳಿಯುತ್ತದೆ. ಕಿರುಬೆರಳಿನ ಕಡೆ ಇರುವೆ. ಬಗ್ಗಿದರೆ, ಸೀನಿದರೆ ಹೆಚ್ಚು. ಉಳಿದ ಹೊತ್ತು ಸೊಂಟದಲ್ಲಿ ಕಿವುಡು ನೋವು. ನಾನು ಇಷ್ಟು ಅಚ್ಚುಕಟ್ಟಾದ ನೋವನ್ನು ಆವರೆಗೆ ಓದಿರಲಿಲ್ಲ. ಫಿತ್ತಕ್ಕೆ 'ಸ್ಟ್ಯಾಬಿಂಗ್' ಸರಿಯೋ 'ಶೂಟಿಂಗ್' ಸರಿಯೋ ಎಂದು ಒಂದು ಮಧ್ಯಾಹ್ನ ಪೂರ್ತಿ ಯೋಚಿಸಿದೆ. ಇರಿದರೆ ಅಲ್ಲೇ ನಿಲ್ಲುತ್ತದೆ, ಇದು ಇಳಿದು ಓಡುತ್ತದೆ. ಆದ್ದರಿಂದ ಶೂಟಿಂಗ್. ಕಿವುಡು ನೋವಿಗೆ ಮತ್ತೆ 'ಡಲ್' ಎಂದಷ್ಟೇ ಬರೆಯಲು ಕೈ ಬರಲಿಲ್ಲ. 'ಡೀಪ್, ಡಲ್ ಅಂಡ್ ಪರ್ಸಿಸ್ಟೆಂಟ್' ಎಂದು ಮೂರು ಶಬ್ದ ಕೊಟ್ಟು ಆ ನೋವಿಗೆ ನ್ಯಾಯ ಒದಗಿಸಿದೆ. ಮೂರನೆಯ ದಿನ ಹೆಂಡತಿ ಕಾಫಿ ತಂದಿಟ್ಟು, "ಯಾರದ್ದೋ ಸೊಂಟ, ನಿಮ್ಮ ಮುಖದಾಗ ಮದುವಿ ಕಳೆ ಬಂದೈತಿ," ಎಂದಳು. ಅಸೂಯೆಯೆಂದು ಬಗೆದೆ.

ಐದನೆಯ ದಿನ ಗುಮಾಸ್ತರು ನನ್ನನ್ನೂ ಆಸ್ಪತ್ರೆಗೆ ಕರೆದೊಯ್ದರು. ಮೂಳೆ ವೈದ್ಯರು ಕಂಪ್ಲಿಯವರು, ಅಕ್ಕಿ ಗಿರಣಿಯವರ ಮನೆಯ ಮಗ. ಹೊಸಪೇಟೆಯ ಸಂತೆಯಲ್ಲಿ ಎದುರಾದರೆ ಕನ್ನಡದಲ್ಲೇ ಮಾತಾಡಿಸುವ ಸಜ್ಜನರು. ಆಸ್ಪತ್ರೆಯಲ್ಲಿ ಮಾತ್ರ ಬಿಳಿ ಕೋಟಿನ ಜೊತೆಗೆ ಇಂಗ್ಲಿಷನ್ನೂ ತೊಟ್ಟುಕೊಳ್ಳುತ್ತಾರೆ, ಎರಡನ್ನೂ ಒಟ್ಟಿಗೇ ಬಿಚ್ಚುತ್ತಾರೆ. ನನ್ನ ನಾಲ್ಕು ಪುಟಗಳನ್ನು ಓದಿ ತಲೆಯೆತ್ತಿದರು.

"ಬ್ಯೂಟಿಫುಲ್ ಹಿಸ್ಟರಿ," ಎಂದರು.

ನಾನು ವಿನಯದಿಂದ ಗೋಡೆ ನೋಡಿದೆ. ಗುಮಾಸ್ತರು ಫೈಲು ನೋಡಿದರು. ನೋವಿನ ಯಜಮಾನ ನೆಲ ನೋಡುತ್ತಿದ್ದ.

ಸ್ಕ್ಯಾನಿನಲ್ಲಿ ಬೆನ್ನೆಲುಬಿನ ಎರಡು ಕಶೇರುಗಳ ನಡುವಿನ ಗಾದಿ ತುಸು ಹೊರಗೆ ಉಬ್ಬಿದೆ, ಕಾಲಿಗೆ ಇಳಿಯುವ ನೋವಿಗೂ ಅದಕ್ಕೂ ತಾಳೆಯಾಗುತ್ತಿದೆ ಎಂದು ಡಾಕ್ಟರು ಗುಮಾಸ್ತರಿಗೆ ವಿವರಿಸಿದರು. ಆಮೇಲೆ ರೋಗಿಯನ್ನು ಮಂಚದ ಮೇಲೆ ಮಲಗಿಸಿ, ಎಡಗಾಲಿನ ಹಿಮ್ಮಡಿ ಹಿಡಿದು ಮೇಲಕ್ಕೆತ್ತಿ, "ಪೇನ್?" ಎಂದರು. "ಹ್ಞೂಂ ರೀ," ಎಂದ. ಆವತ್ತು ಅವನ ಬಾಯಿಂದ ಬಂದ ಮಾತು ಅದೊಂದೇ. ಸೋಮವಾರಕ್ಕೆ ಆಪರೇಶನ್ ಗೊತ್ತಾಯಿತು. ಇನ್ನು ಮುಂದೆ ಭಾರ ಎತ್ತುವ ಕೆಲಸ ಮರೆಯಬೇಕು ಎಂದೂ ಡಾಕ್ಟರು ಹೇಳಿದರು. ಅದನ್ನೂ ಗುಮಾಸ್ತರಿಗೇ ಹೇಳಿದರು. ಗುಮಾಸ್ತರು, "ಎತ್ತಂಗಿಲ್ಲ ಬಿಡ್ರಿ," ಎಂದು ತಮ್ಮ ಬೆನ್ನೇ ಎಂಬಂತೆ ಮಾತು ಕೊಟ್ಟರು.

ಶುಕ್ರವಾರ ಬೆಳಿಗ್ಗೆ ಆ ಮನುಷ್ಯ ಒಬ್ಬನೇ ನಮ್ಮ ಮನೆಗೆ ಬಂದ. ಕಟ್ಟೆಯ ಮೇಲೇ ಕೂತಿದ್ದ. ಹೆಂಡತಿ ಕಂಡು ಒಳಗೆ ಕರೆದಳು.

"ಬರ್ರಿ, ಒಳಗ ಕುಂದ್ರಿ. ಅವತ್ತೂ ಹೊರಗ ಕುಂದ್ರಿಸಿದ್ರು ನಿಮ್ಮನ್ನ."

ಅವನು ಕುರ್ಚಿಯ ಅಂಚಿಗೆ ಕೂತು, ಬಹಳ ಹೊತ್ತು ಮಂಡಿ ಸವರಿಕೊಂಡು, ಕೊನೆಗೆ ಬಂದ ಕೆಲಸ ಹೇಳಿದ.

"ಆ ಕಾಗದದಾಗ ನನ್ನ ನೋವು ಏನಂತ ಬರದೈತ್ರಿ? ಸ್ವಲ್ಪ ಓದಿ ಹೇಳ್ರಿ. ಸೋಮವಾರ ಕೊಯ್ತಾರ, ಏನು ಕೊಯ್ತಾರಂತನಾರ ಗೊತ್ತಿರ್ಲಿ."

ನನಗೆ ಸಂತೋಷವೇ ಆಯಿತು. ನನ್ನ ಪ್ರತಿಯನ್ನು ತೆಗೆದು, ಇಂಗ್ಲಿಷಿನಿಂದ ಕನ್ನಡಕ್ಕೆ ಇಳಿಸುತ್ತ, ಎಲ್ಲೂ ಮುಕ್ಕಾಗದಂತೆ ಓದಿದೆ. ಎಡತೊಡೆಯ ಹಿಂಭಾಗಕ್ಕೆ ಬಂದಾಗ ಅವನು ಕೈ ಎತ್ತಿದ.

"ಎಡಗಾಲಾ?"

"ಎಡಗಾಲು."

"ನನ್ನ ಎಡಗಾಲಿಗೆ ಏನಾಗೈತ್ರಿ? ಮಸ್ತ್ ಐತಿ."

ನಾನು ಕಾಗದ ನೋಡಿದೆ, ಅವನ ಕಾಲು ನೋಡಿದೆ, ಮತ್ತೆ ಕಾಗದವನ್ನೇ ನಂಬಿದೆ. "ಮೂರು ಸಲ ಬರದಾರಪ್ಪ. ಕಿರುಬೆರಳ ಹತ್ರ ಇರುವಿ ಹರದಂಗ ಆಗ್ತೈತಿ ಅಂತ ನೀನೇ ಹೇಳೀಯಂತ."

ಅವನು ತಲೆ ತಗ್ಗಿಸಿದ. ನಗುತ್ತಿದ್ದಾನೆಂದು ಭುಜದಿಂದ ತಿಳಿಯಿತು.

"ಅದು ನನ್ನ ನೋವಲ್ರಿ. ಇಟಲಿ ಒಳಗ ನಮ್ಮ ರೂಮಿನಾಗಿದ್ದ ಕಂಪ್ಲಿಯವನ್ದು."

ಆಮೇಲೆ ಅವನು ಹೇಳಿದ್ದನ್ನು ನಾನು ಒಂದು ಶಬ್ದವೂ ಬಿಡದೆ ನೆನಪಿಟ್ಟುಕೊಂಡಿದ್ದೇನೆ. ಮರೆಯಲು ಮಾಡಿದ ಪ್ರಯತ್ನಗಳು ಫಲಿಸಿಲ್ಲ.

"ಐದು ಮಂದಿ ಇದ್ವಿ ಒಂದು ರೂಮಿನಾಗ, ಎಲ್ಲಾ ಈ ಕಡೆಯವ್ರೇ. ಕೆಲಸದ ಮಾತು ಬರ್ತಿತ್ತು, ಡಾಕ್ಟ್ರ ಮುಂದ ಹೇಳೋ ಮಾತು ಯಾರಿಗೂ ಬರ್ತಿದ್ದಿಲ್ಲ. ಮೊದ್ಲು ಕಂಪ್ಲಿಯವಗ ಸೊಂಟ ಹಿಡೀತು, ಕಾಲಿಗೆ ಇಳೀತು. ಅವ ಕಾಫಿ ಅಂಗಡಿ ಮುದುಕಿ ಹತ್ರ ಕೈ ಕಾಲು ತೋರ್ಸಿ ತೋರ್ಸಿ, ಇಟಲಿ ಭಾಷೆನಾಗ ಇದಕ್ಕ ಏನಂತಾರ ಅಂತ ಒಂದು ಚೀಟಿ ಬರೆಸ್ಕೊಂಡು ಬಂದ. ಬಾಯಿಪಾಠ ಮಾಡಿ ಡಾಕ್ಟ್ರ ಮುಂದ ಒಪ್ಪಿಸಿದ. ಡಾಕ್ಟ್ರು ಭಾಳ ಖುಷಿ ಆಗಿ ಚಲೋ ನೋಡಿದ್ರಂತ. ಆ ಚೀಟಿ ಗ್ವಾಡಿಗೆ ಅಂಟಿಸಿದ್ವಿ. ಮುಂದ ಯಾರಿಗೆ ಏನಾದ್ರೂ ಅದನ್ನ ಬಾಯಿಪಾಠ ಮಾಡ್ಕೊಂಡು ಹೋಗೋದು."

"ಯಾರಿಗೆ ಏನಾದ್ರೂ?"

"ಹೌದ್ರಿ. ಪಾಪಿನಾಯಕನಹಳ್ಳಿಯವ ಹಲ್ಲುನೋವಿಗೂ ಅದನ್ನ ಹೇಳಿ ಬಂದ."

"ಹಲ್ಲು ಕಿತ್ರಾ?"

"ಇಲ್ರೀ, ಬೆಲ್ಟ್ ಕೊಟ್ರು. ಸೊಂಟಕ್ಕ."

ಒಳಗೆ ಪಾತ್ರೆಯ ಸದ್ದು ನಿಂತಿತು. ಹೆಂಡತಿ ಕೇಳಿಸಿಕೊಳ್ಳುತ್ತಿದ್ದಳು.

ಐದು ಜನಕ್ಕೆ ಒಂದೇ ನೋವು. ಚಳಿಗಾಲಕ್ಕೆ ರೂಮಿನವರೆಲ್ಲ ಸರದಿಯ ಮೇಲೆ ತೊಡುವ ಒಂದು ಕೋಟಿದ್ದಂತೆ ಗೋಡೆಯ ಮೇಲೆ ತೂಗುಹಾಕಿದ ನೋವು. ಅದನ್ನು ಇಟಲಿಯ ಮೂರು ಜನ ವೈದ್ಯರು ನಂಬಿ ಬರೆದರು. ಇಲ್ಲೂ ಅಲ್ಲೂ ಸೇರಿ ಹದಿನೈದು ವರ್ಷ ಕಲ್ಲು ಹೊತ್ತವನ ಬೆನ್ನನ್ನು ಸ್ಕ್ಯಾನ್ ಮಾಡಿದರೆ ಎಲ್ಲಾದರೂ ಒಂದು ಗಾದಿ ಉಬ್ಬಿರಲೇಬೇಕು, ಉಬ್ಬಿತ್ತು. ತಾಳೆಯಾಯಿತು. ನಾನು ಅದಕ್ಕೆ ಶೂಟಿಂಗ್ ಎಂಬ ಶಬ್ದವನ್ನು ಒಂದು ಮಧ್ಯಾಹ್ನ ತಪಸ್ಸು ಮಾಡಿ ಒಲಿಸಿಕೊಂಡು ಬಂದೆ. ಕಂಪ್ಲಿಯವನ ಕಾಲುನೋವಿಗೆ ಚೋರನೂರಿನವನ ಬೆನ್ನು ಕೊಯ್ಯಲು ಬೇಕಾದ ಸಕಲ ಸಿದ್ಧತೆಯೂ ಮುಗಿದಿತ್ತು.

"ಹಂಗಾದ್ರ ನಿನಗ ನೋವೇ ಇಲ್ಲೇನು?"

"ಇಲ್ಲ ಅಂದ್ರ ಯಾಕ ಹೋಗ್ತಿದ್ದೆ ರೀ." ಅವನು ಎದ್ದು ನಿಂತು ಬಲಗೈಯನ್ನು ಪಕ್ಕೆಯ ಹಿಂಭಾಗಕ್ಕೆ ಒತ್ತಿಕೊಂಡ. "ಇಲ್ಲಿ. ಬಂತಂದ್ರ ಕುಂದ್ರಾಕಾಗಲ್ಲ, ನಿಂದ್ರಾಕಾಗಲ್ಲ, ನೆಲದ ಮ್ಯಾಲ ಉಳ್ಳಾಡಿಬಿಡ್ತೀನಿ. ಬಾವಿಗೆ ಹಗ್ಗ ಬಿಟ್ಟಂಗ ಮುಂದಕ್ಕ ಕೆಳಗ ಇಳಿತೈತಿ, ತೊಡಿ ಸಂದಿಗೆ. ಎರಡು ತಾಸು. ಹೋತಂದ್ರ ಏನೂ ಇಲ್ಲ, ಎತ್ತಿನಂಗ ಇರ್ತೀನಿ. ಮತ್ತ ಹದಿನೈದು ದಿನಕ್ಕೋ ತಿಂಗಳಿಗೋ. ಒಂದೊಂದು ಸಲ ಒಂದಾ ಮಾಡಿದ್ರ ಕೆಂಪಗ ಬರ್ತೈತಿ."

"ಇದನ್ನ ಡಾಕ್ಟ್ರ ಮುಂದ ಹೇಳಾಕ ಏನಾಗಿತ್ತು?"

"ಕೇಳ್ಲಿಲ್ರಿ."

"ಕಾಲು ಎತ್ತಿದಾಗ ಹ್ಞೂಂ ಅಂದ್ಯಲ್ಲ?"

"ಅಷ್ಟು ದೊಡ್ಡೋರು ನನ್ನ ಕಾಲು ಹಿಡ್ಕೊಂಡು ಕೇಳಾಕತ್ಯಾರ. ಇಲ್ಲ ಅನ್ನಾಕ ಬರ್ತೈತೇನ್ರಿ?"

ನಾನು ಕಾಗದ ಮಡಚಿಟ್ಟೆ. ಅವನೇ ಮುಂದುವರಿದ. "ನಾನು ಕಲ್ಲಿನ ಕೆಲಸದವ. ನಂಗ ಬೆನ್ನು ಬಿಟ್ರ ಬ್ಯಾರೆ ಏನೈತಿ? ಕೊಯ್ದ ಮ್ಯಾಲ ಎತ್ತಂಗಿಲ್ಲ ಅಂದಾರ. ಇರೋ ನೋವು ಹೋಗಂಗಿಲ್ಲ, ಇರೋ ಬೆನ್ನು ಹೋಗ್ತೈತಿ. ನಮ್ಮ ಭಾವಗ ಹೇಳಿದ್ರ, ಫೈಲಿನಾಗ ಬರದೈತಿ ಸುಮ್ನಿರಲೇ ಅಂತಾನ."

ಹೆಂಡತಿ ಹೊರಬಂದಳು. "ನಮ್ಮಪ್ಪಗ ಹಿಂಗ ಆಗ್ತಿತ್ತು. ಹರಳಿತ್ತು," ಎಂದಳು. ಆಮೇಲೆ ನನ್ನ ಕಡೆ ತಿರುಗಿದಳು. "ನಾಕು ದಿನ ಕಾಗದಕ್ಕ ಎಲ್ಲಿ ನೋಯ್ತೈತಿ ಎಲ್ಲಿ ನೋಯ್ತೈತಿ ಅಂತ ಕೇಳಿದ್ರಿ. ಕಟ್ಟಿ ಮ್ಯಾಲ ಕುಂತವಗ ಒಂದ್ ಮಾತು ಕೇಳಿದ್ರ ಬಾಯಿ ಸವೀತಿತ್ತೇನು?"

ನಾನು ಚಪ್ಪಲಿ ಹುಡುಕಲು ಹೋದೆ.

ಡಾಕ್ಟರು ಸಿಕ್ಕಿದ್ದು ಶನಿವಾರ, ಅವನನ್ನೂ ಕರೆದುಕೊಂಡು ಹೋದೆ. ಗುಮಾಸ್ತರೂ ಸುದ್ದಿ ತಿಳಿದು ಸಂಡೂರಿನಿಂದ ಮೊದಲ ಬಸ್ಸಿಗೇ ಬಂದಿದ್ದರು, ಫೈಲಿನ ಸಮೇತ. ನಾನು ವಿಷಯ ಹೇಳಿದೆ. ಗೋಡೆಯ ಚೀಟಿ, ಐದು ಜನ, ಹಲ್ಲುನೋವು ಎಲ್ಲವನ್ನೂ ಹೇಳಿದೆ. ಡಾಕ್ಟರಿಗೆ ನಗು ಬರಲಿಲ್ಲ. ನನ್ನ ನಾಲ್ಕು ಪುಟಗಳನ್ನು ಬೆರಳಿನಿಂದ ತಟ್ಟುತ್ತ, ಇಷ್ಟು ಸ್ಪಷ್ಟವಾಗಿ ದಾಖಲಾಗಿರುವುದನ್ನು ಬಾಯಿಮಾತಿನ ಮೇಲೆ ತಳ್ಳಿಹಾಕುವುದು ಹೇಗೆ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಗುಮಾಸ್ತರು ತಕ್ಷಣ, "ಅದನ್ನ ನಾನೂ ಹೇಳಿದ್ದು ಸಾರ್, ಇಟಲಿಯವ್ರು ಸುಳ್ಳು ಬರೀತಾರೇನು," ಎಂದರು.

"ಓಕೆ," ಎಂದು ಡಾಕ್ಟರು ನನ್ನ ಮುಂದೆ ಒಂದು ಬಿಳಿ ಹಾಳೆ ಸರಿಸಿದರು. "ಅವನ ಸ್ಟೇಟ್‌ಮೆಂಟ್ ತಗೊಳ್ಳಿ. ಟ್ರಾನ್ಸ್‌ಲೇಟ್ ಮಾಡಿ ಕೊಡಿ. ಐ ವಿಲ್ ಸೀ."

ಪೆನ್ನು ಕೈಗೆ ತೆಗೆದುಕೊಂಡೆ. ಹಳೆಯ ಚಾಳಿ. ಬಿಟ್ಟುಬಿಟ್ಟು ಹಿಂಡುವ ನೋವಿಗೆ 'ಕಾಲಿಕಿ' ಎನ್ನುವುದೋ 'ಸ್ಪಾಸ್ಮಾಡಿಕ್' ಎನ್ನುವುದೋ ಎಂದು ತಲೆ ಆಗಲೇ ಓಡತೊಡಗಿತ್ತು, ಬಾವಿಗೆ ಬಿಟ್ಟ ಹಗ್ಗವನ್ನು ಇಂಗ್ಲಿಷಿನಲ್ಲಿ ಹೇಗೆ ಇಳಿಸುವುದೆಂದು ಹುಡುಕುತ್ತಿತ್ತು. ಮೂರು ಮೊಳ ದೂರದಲ್ಲಿ ಆ ಮನುಷ್ಯ ನೆಲ ನೋಡುತ್ತ ನಿಂತಿದ್ದ. ಅವನ ಮಾತು ಕಂಪ್ಲಿಯ ಅಕ್ಕಿ ಗಿರಣಿಯ ಅಂಗಳದಲ್ಲಿ ದಿನವೂ ಕೇಳುವ ಮಾತು. ಡಾಕ್ಟರಿಗೆ ಅದರಲ್ಲಿ ಅರ್ಥವಾಗದ ಒಂದು ಅಕ್ಷರವೂ ಇರಲಿಲ್ಲ.

ಪೆನ್ನು ಕೆಳಗಿಟ್ಟೆ. "ನಂಗ ಕನ್ನಡದಿಂದ ಇಂಗ್ಲಿಷಿಗೆ ಬರಂಗಿಲ್ರಿ ಡಾಕ್ಟ್ರೇ," ಎಂದೆ. "ಇಟಾಲಿಯನ್ ಇದ್ರ ಮಾತ್ರ ಬರ್ತೈತಿ."

ಇಷ್ಟು ದೊಡ್ಡ ಸುಳ್ಳನ್ನು ಮರ್ಯಾದಸ್ಥರ ಮುಂದೆ ನಾನು ಎಂದೂ ಹೇಳಿದವನಲ್ಲ. ಡಾಕ್ಟರು ನನ್ನನ್ನೇ ನೋಡಿದರು. ನಾನು ಎದ್ದು ಗುಮಾಸ್ತರ ತೋಳು ಹಿಡಿದು, "ಫೈಲಿನಾಗ ಹಾಳಿ ಹಿಂದು ಮುಂದಾಗ್ಯಾವ, ಬರ್ರಿ ಹೊರಗ ಸರಿ ಮಾಡೋಣು," ಎಂದೆ. ಬೇರೆ ಯಾವ ಕಾರಣ ಕೊಟ್ಟಿದ್ದರೂ ಅವರು ಕದಲುತ್ತಿರಲಿಲ್ಲ. ಫೈಲಿನ ಹಾಳೆ ಹಿಂದುಮುಂದಾಗಿದೆ ಎಂದಾಗ ಅವರ ಮುಖದ ಬಣ್ಣವೇ ಬದಲಾಯಿತು. ಇಬ್ಬರೂ ಹೊರಗೆ ಬೆಂಚಿನ ಮೇಲೆ ಕೂತು, ಸರಿಯಾಗಿಯೇ ಇದ್ದ ಹಾಳೆಗಳನ್ನು ಎರಡು ಬಾರಿ ಜೋಡಿಸಿದೆವು.

ಬಾಗಿಲಿಗೆ ಪರದೆ ಮಾತ್ರ ಇತ್ತು. ಒಳಗೆ ಬಹಳ ಹೊತ್ತು ಯಾವ ಸದ್ದೂ ಇಲ್ಲ. ಇಬ್ಬರಿಗೂ ಅಭ್ಯಾಸವಿಲ್ಲದ ಕೆಲಸ. ಕೊನೆಗೆ ಡಾಕ್ಟರ ದನಿ ಕೇಳಿಸಿತು, ಕೋಟು ಬಿಚ್ಚಿಟ್ಟ ದನಿ.

"ಕುಂದ್ರಪ. ಎಲ್ಲಿ ನೋಯ್ತೈತಿ, ಬೆರಳು ಇಟ್ಟು ತೋರ್ಸು."

ಗುಣುಗುಣು ಉತ್ತರ.

"ಕಾಲಿಗೆ ಇಳಿಯಂಗಿಲ್ಲ? ಮತ್ತ ಅವತ್ತು ಯಾಕಲೇ ಹ್ಞೂಂ ಅಂದಿ?"

ಮತ್ತೆ ಗುಣುಗುಣು. ಅದಕ್ಕೆ ಡಾಕ್ಟರು ನಕ್ಕರೋ ಕೆಮ್ಮಿದರೋ ತಿಳಿಯಲಿಲ್ಲ.

"ಆ ಶೆಡ್‌ನಾಗ ದಿನಕ್ಕ ಎಷ್ಟು ನೀರು ಕುಡೀತಿದ್ದಿ?"

ಗುಮಾಸ್ತರಿಗೆ ತಡೆಯಲಾಗಲಿಲ್ಲ. "ನಾನು ಹೋಗಿ ಹೇಳ್ತೀನಿ," ಎಂದು ಎದ್ದರು.

"ನೀವು ಆ ಶೆಡ್ಡಿನಾಗ ಇದ್ರೇನು?"

"ಇಲ್ಲ, ಆದ್ರೂ."

"ಕುಂದ್ರಿ," ಎಂದೆ.

ಅರ್ಧ ಗಂಟೆಯ ಮೇಲೆ ಅವನನ್ನು ಎದುರಿನ ಕೋಣೆಗೆ ಕಳಿಸಿ ಹೊಟ್ಟೆಯ ಸ್ಕ್ಯಾನ್ ಮಾಡಿಸಿದರು. ಬಲಗಡೆಯ ಮೂತ್ರನಾಳದಲ್ಲಿ ಕಡಲೆಕಾಳಿಗಿಂತ ತುಸು ದೊಡ್ಡ ಹರಳು ಅಡ್ಡ ಕೂತಿತ್ತು. ಮೇಲೆ ಮೂತ್ರಪಿಂಡ ಊದಿಕೊಳ್ಳತೊಡಗಿತ್ತು. ಇನ್ನಷ್ಟು ತಿಂಗಳು ಹೀಗೇ ಬಿಟ್ಟಿದ್ದರೆ ಅದು ಕೈಬಿಡುತ್ತಿತ್ತಂತೆ. ಅಷ್ಟು ಹೊತ್ತಿಗೆ ಬೆನ್ನನ್ನೂ ಕೊಯ್ದು ಮುಗಿಸಿರುತ್ತಿದ್ದೆವು. 'ಮುಗಿಸಿರುತ್ತಿದ್ದರು' ಎಂದು ಬರೆದರೆ ನನಗೆ ಹಿತ, ಆದರೆ ಶೂಟಿಂಗ್ ಪೇನ್ ನನ್ನದು.

ಸೋಮವಾರದ ಆಪರೇಶನ್ ರದ್ದಾಯಿತು. ಹರಳಿನ ಡಾಕ್ಟರಿಗೆ ಚೀಟಿ ಬರೆದುಕೊಟ್ಟರು. ಬೆನ್ನಿಗೆ ಏನೂ ಮಾಡುವುದಿಲ್ಲ, ಭಾರ ಎತ್ತುವಾಗ ಮಂಡಿ ಬಗ್ಗಿಸು ಎಂದರು. ಅದನ್ನು ಅವನಿಗೇ ಹೇಳಿದರು, ಅವನ ಮುಖ ನೋಡಿಯೇ ಹೇಳಿದರು. ಆ ಮಟ್ಟಿಗೆ ಅದು ಐತಿಹಾಸಿಕ ದಿನ.

ಆಮೇಲೆ ಡಾಕ್ಟರು ಮತ್ತೆ ಕೋಟು ತೊಟ್ಟುಕೊಂಡಂತೆ ಇಂಗ್ಲಿಷಿಗೆ ಮರಳಿ, ನನ್ನನ್ನು ಕರೆದು ಸಮಸ್ಯೆಯನ್ನು ಮುಂದಿಟ್ಟರು. ಗೊತ್ತಾಗಿದ್ದ ಆಪರೇಶನ್ನು ಯಾಕೆ ರದ್ದಾಯಿತೆಂದು ಫೈಲಿನಲ್ಲಿ ಕಾರಣ ಬೇಕು. ಇಟಲಿಯ ವೈದ್ಯರು ತಪ್ಪಿದರು ಎಂದು ಬರೆಯಲಾಗದು, ಅವರು ಇಟಲಿಯವರು. ಇಲ್ಲಿಯ ಪರೀಕ್ಷೆ ತಪ್ಪಿತು ಎಂದಂತೂ ಬರೆಯಲಾಗದು. ರೋಗಿ ಪಕ್ಕದ ಹಾಸಿಗೆಯವನ ನೋವನ್ನು ಹೇಳಿದ ಎಂದು ಬರೆದರೆ ಓದಿದವರು ಏನೆಂದುಕೊಂಡಾರು. ಉಳಿದದ್ದು ಒಂದೇ. ತರ್ಜುಮೆಯಲ್ಲಿ ದೋಷವಿತ್ತು ಎಂದು ತರ್ಜುಮೆಗಾರ ಬರೆದುಕೊಟ್ಟರೆ ಎಲ್ಲ ಸರಿಹೋಗುತ್ತದೆ.

ನನ್ನ ಜೀವಮಾನದಲ್ಲಿ ದೋಷವಿಲ್ಲದ ಒಂದು ಕೆಲಸ ಮಾಡಿದ್ದರೆ ಆ ನಾಲ್ಕು ಪುಟ. ಇಟಾಲಿಯನ್ ಬಲ್ಲ ಯಾರ ಮುಂದೆಯಾದರೂ ಇಟ್ಟು ನೋಡಬಹುದು. ಹೊಸಪೇಟೆಯಲ್ಲಿ ಅಂಥವರು ಇಲ್ಲವಾದ್ದರಿಂದ ಆ ದಾರಿಯೂ ಇರಲಿಲ್ಲ. ಕೇಳಿದ ಪತ್ರವನ್ನು ಇಂಗ್ಲಿಷಿನಲ್ಲಿ, ಚೆನ್ನಾಗಿಯೇ ಬರೆದೆ. ಎಡಗಾಲಿನ ನೋವೆಂದು ತಪ್ಪಾಗಿ ಭಾಷಾಂತರಿಸಿದ್ದಕ್ಕೆ ವಿಷಾದ ಸೂಚಿಸಿ ಸಹಿ ಹಾಕಿದೆ. ಗುಮಾಸ್ತರು ಅದನ್ನು ತೂತು ಮಾಡಿ ಫೈಲಿಗೆ ಪೋಣಿಸಿ, "ಈಗ ಕಂಪ್ಲೀಟ್ ಆತು," ಎಂದರು. ಅವರ ಮುಖದಲ್ಲಿ ವಾರದಿಂದ ಇಲ್ಲದ ಶಾಂತಿಯಿತ್ತು.

ಬಸ್‌ಸ್ಟ್ಯಾಂಡಿನವರೆಗೆ ಜೊತೆಗೆ ನಡೆದೆವು. ಗುಮಾಸ್ತರು ಸಂಡೂರಿನ ಬಸ್ಸು ವಿಚಾರಿಸಲು ಮುಂದೆ ಹೋದಾಗ ಅವನು ನನ್ನ ಹತ್ತಿರ ಸರಿದು ಕೇಳಿದ.

"ಕಡೀಕ ಏನೋ ಬರದು ಕೊಟ್ರಲ್ರಿ. ಯಾರ ತಪ್ಪು ಅಂತ ಬರದ್ರಿ?"

"ನಂದು."

ಅವನು ನನ್ನ ಕಡೆ ತಿರುಗಿದ. ನನ್ನ ಮುಖದಲ್ಲಿ ಏನು ಕಂಡನೋ, ಸಮಾಧಾನ ಹೇಳುವ ಹಾಗೆ ತೋಳು ಮುಟ್ಟಿದ.

"ಇರ್ಲಿ ಬಿಡ್ರಿ," ಎಂದ. "ಅದಕ್ಕ ನಿಮ್ಮ ಬೆನ್ನೇನು ಕೊಯ್ಯಂಗಿಲ್ಲಲ್ಲ."